ಈ ದೃಶ್ಯದಲ್ಲಿ ತಪ್ಪೇನಿದೆ?

ಕರೆಂಟೇ ಇಲ್ಲದ ಊರಿಗೆ ಅಷ್ಟೆತ್ತರದ ನೀರಿನ ಟ್ಯಾಂಕು ಏಕೆ? 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದ ಬಗ್ಗೆ ಇಂದಿಗೂ ಮುಗಿಯದ ಜಗಳ ಇದು. ಠಾಕೂರರ ಮನೆಯಲ್ಲಿ ವಿಧವೆ ಸೊಸೆ ರಾತ್ರಿ ಒಂದೊಂದೇ ದೀಪವನ್ನು ಆರಿಸುತ್ತಾ ಹೋಗುತ್ತಾಳೆ. ವಿದ್ಯುತ್ತಿನ ಸುಳಿವೇ ಇಲ್ಲ. ಅದೇ ಊರಿನಲ್ಲಿ ವೀರು ಕುಡಿದು ಟ್ಯಾಂಕಿನ ತುದಿಗೆ ಹತ್ತಿ, ಬಸಂತಿಯನ್ನು ಮದುವೆ ಮಾಡಿಕೊಡದಿದ್ದರೆ ಕೆಳಕ್ಕೆ ಹಾರುತ್ತೇನೆಂದು ಬೆದರಿಸುತ್ತಾನೆ. ಕರೆಂಟಿಲ್ಲದೆ ಪಂಪಿಲ್ಲ, ಪಂಪಿಲ್ಲದೆ ಟ್ಯಾಂಕಿಗೆ ನೀರಿಲ್ಲ. ಆದ್ದರಿಂದ ಇದು ತಪ್ಪು ಎಂಬುದು ಆಕ್ಷೇಪ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಕಡೆಯ ಹಿರಿಯರ ಮುಂದೆ ಈ ವಾದ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಡೀಸೆಲ್ ಎಂಜಿನ್ ಕೂರಿಸಿ ಬಾವಿಯಿಂದ ನೀರೆತ್ತಿದ ಕಾಲವನ್ನು ಅವರು ಕಂಡವರು. ಅಷ್ಟೇ ಅಲ್ಲ. ಇದೇ ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ನೂರನಲವತ್ತಕ್ಕೂ ಹೆಚ್ಚು ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಮೊದಲು ಹೋಯಿತು. ತಂತಿ ಹಾದುಹೋದ ದಾರಿಯ ಹಳ್ಳಿಗಳಲ್ಲಿ ಎಷ್ಟೋ ದಶಕ ಸೀಮೆಎಣ್ಣೆ ಬುಡ್ಡಿಯೇ ಉರಿಯಿತು. ಒಂದು ಊರಿಗೆ ಒಂದು ಸೌಕರ್ಯ ಬಂದು ಇನ್ನೊಂದು ಬಾರದೆ ಇರುವುದು ನಮ್ಮ ದೇಶದಲ್ಲಿ ತರ್ಕದೋಷವಲ್ಲ, ದಿನನಿತ್ಯದ ಸಂಗತಿ. ರಾಮಗಢಕ್ಕೆ ನೀರು ಹೇಗೆ ಏರುತ್ತದೆಂದು ಚಿತ್ರ ಹೇಳಿಲ್ಲ, ನಿಜ. ಆದರೆ ಹೇಳದೆ ಬಿಟ್ಟದ್ದು ಬೇರೆ, ತಪ್ಪಾಗಿ ಹೇಳಿದ್ದು ಬೇರೆ.

ಅದೇ ಚಿತ್ರದ ಇನ್ನೊಂದು ದೃಶ್ಯ ನೋಡಿ. ಗಬ್ಬರ್ ಸಿಂಗ್ ಎರಡು ಕೈಗಳನ್ನೂ ಕಡಿದುಹಾಕಿದ ಠಾಕೂರರು ಕೊನೆಯ ಹೊಡೆದಾಟದಲ್ಲಿ ಕಾಲಿನಿಂದಲೇ ಸೆಣಸುತ್ತಾರೆ. ಆ ಗಡಿಬಿಡಿಯಲ್ಲಿ ಬಟ್ಟೆಯೊಳಗೆ ಮಡಚಿಟ್ಟ ನಟ ಸಂಜೀವ್ ಕುಮಾರರ ಕೈ ಕಾಣಿಸಿಬಿಡುತ್ತದೆ. ಇದಕ್ಕೆ ಯಾವ ಸಮಾಧಾನವೂ ಇಲ್ಲ. ಕೈ ಇಲ್ಲವೆಂದು ಚಿತ್ರವೇ ಹೇಳಿದೆ. ತಾನು ಹೇಳಿದ್ದನ್ನು ತಾನೇ ಸುಳ್ಳುಮಾಡಿದೆ. ತಪ್ಪೆಂದು ಕರೆಯಲು ನನಗೆ ಸರಿಯೆನಿಸುವ ಅಳತೆ ಇದು: ಚಿತ್ರ ತಾನು ಕೊಟ್ಟ ಮಾತನ್ನು ತಾನೇ ಮುರಿದಿದೆಯೇ?

ಇಂಥ ತಪ್ಪು ಏಕೆ ನುಸುಳುತ್ತದೆ ಎನ್ನುವುದಕ್ಕೆ ಚಿತ್ರೀಕರಣದ ಕ್ರಮ ತಿಳಿದಿರಬೇಕು. ಕಥೆ ನಡೆಯುವ ಕ್ರಮದಲ್ಲಿ ಚಿತ್ರ ತೆಗೆಯುವುದು ಬಲು ಅಪರೂಪ. ಒಂದು ಮನೆಯಲ್ಲಿ ನಡೆಯುವ ದೃಶ್ಯಗಳನ್ನೆಲ್ಲ, ಮೊದಲನೆಯದಿರಲಿ ಕೊನೆಯದಿರಲಿ, ಒಟ್ಟಿಗೆ ಮುಗಿಸುತ್ತಾರೆ. ನಾಯಕಿ ಬಾಗಿಲಿನಿಂದ ಹೊರಗೆ ಕಾಲಿಡುವುದು ಸ್ಟುಡಿಯೋದಲ್ಲಿ ಜನವರಿ ತಿಂಗಳಲ್ಲಿ, ಅಂಗಳಕ್ಕೆ ಬರುವುದು ಹಳ್ಳಿಯಲ್ಲಿ ಏಪ್ರಿಲ್ ತಿಂಗಳಲ್ಲಿ ಆಗಬಹುದು. ತೆರೆಯ ಮೇಲೆ ನಡುವೆ ಒಂದು ಕ್ಷಣವೂ ಇಲ್ಲ. ಬಳೆ ಎಷ್ಟಿತ್ತು, ಸೆರಗು ಯಾವ ಭುಜದ ಮೇಲಿತ್ತು, ಲೋಟ ಯಾವ ಕೈಯಲ್ಲಿತ್ತು ಎಂಬುದನ್ನು ಬರೆದಿಟ್ಟುಕೊಳ್ಳುವುದು ಸಹಾಯಕ ನಿರ್ದೇಶಕರಲ್ಲಿ ಒಬ್ಬರ ಪಾಡು. ಚಿತ್ರರಂಗದಲ್ಲಿ ಇದಕ್ಕೆ ಕಂಟಿನ್ಯುಟಿ ಎಂದೇ ಹೆಸರು. ಪುಸ್ತಕ ಹಿಡಿದು ನಿಂತ ಆ ಹುಡುಗನ ಹೆಸರು ಪರದೆಯ ಮೇಲೆ ಓದುವಷ್ಟು ಹೊತ್ತು ನಿಲ್ಲುವುದಿಲ್ಲ. ತಪ್ಪಾದರೆ ಮಾತ್ರ ಎಲ್ಲರಿಗೂ ಅವನ ಕೆಲಸದ ನೆನಪಾಗುತ್ತದೆ.

ಬಳೆ, ಲೋಟಗಳನ್ನು ಬರೆದಿಡಬಹುದು. ಬೆಳೆಯನ್ನು ಏನು ಮಾಡುವುದು? ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಕಬ್ಬು ಕಟಾವಿಗೆ ಬರಲು ಸುಮಾರು ಒಂದು ವರ್ಷ ಬೇಕು. ನಾಯಕ ಕಬ್ಬಿನ ಗದ್ದೆಗೆ ನುಗ್ಗುವಾಗ ಪೈರು ಮೊಣಕಾಲೆತ್ತರ, ಆ ಕಡೆಯಿಂದ ಹೊರಬರುವಾಗ ತಲೆ ಮುಳುಗುವಷ್ಟು ಎತ್ತರ ಇದ್ದರೆ ನಗರದ ಪ್ರೇಕ್ಷಕ ಗಮನಿಸದೆ ಹೋಗಬಹುದು. ಪಾಂಡವಪುರದ ರೈತ ಬಿಡುವುದಿಲ್ಲ. ಎರಡು ಹಂತದ ಚಿತ್ರೀಕರಣದ ನಡುವೆ ಎಷ್ಟು ತಿಂಗಳು ಕಳೆದಿವೆಯೆಂದು ಅವನು ಲೆಕ್ಕ ಹಾಕಿ ಹೇಳಬಲ್ಲ. ನೀರಾವರಿ ಗದ್ದೆಯ ಬದುವಿನ ಮೇಲೆ ಹೊರಟ ನಾಯಕಿ ಮರುಕ್ಷಣ ನಾಗಮಂಗಲದ ಕಡೆಯಂಥ ಒಣ ರಾಗಿ ಹೊಲದಲ್ಲಿ ನಿಂತಿದ್ದರೂ ಅಷ್ಟೇ. ನೇಗಿಲು ಹಿಡಿದ ನಟನ ಕೈ ನೋಡಿ ‘ಇವನು ಉತ್ತವನಲ್ಲ’ ಎಂದು ನೆಲದ ಮೇಲೆ ಕುಳಿತವರು ನಕ್ಕರೆ, ಅದೂ ವಿಮರ್ಶೆಯೇ.

ಇಲ್ಲಿ ಸಂಕಲನಕಾರರ ಪಕ್ಷವನ್ನೂ ಹೇಳಬೇಕು. ಒಂದು ದೃಶ್ಯವನ್ನು ಐದು ಸಲ ತೆಗೆದಿದ್ದಾರೆ ಎನ್ನೋಣ. ಮೂರನೆಯದರಲ್ಲಿ ಅಭಿನಯ ಎದೆಗೆ ತಟ್ಟುವಂತಿದೆ, ಆದರೆ ಲೋಟ ಎಡಗೈಯಲ್ಲಿದೆ. ಐದನೆಯದರಲ್ಲಿ ಲೋಟ ಸರಿಯಾಗಿ ಬಲಗೈಯಲ್ಲಿದೆ, ಮುಖದಲ್ಲಿ ಮಾತ್ರ ಜೀವವಿಲ್ಲ. ಅನುಭವಿ ಸಂಕಲನಕಾರ ಮೂರನೆಯದನ್ನೇ ಆರಿಸುತ್ತಾನೆ. ‘ಅಪೊಕ್ಯಾಲಿಪ್ಸ್ ನೌ’ ಚಿತ್ರದ ಸಂಕಲನಕಾರರಲ್ಲಿ ಒಬ್ಬರಾದ ಅಮೆರಿಕದ ವಾಲ್ಟರ್ ಮರ್ಚ್ ತಮ್ಮ ಪುಸ್ತಕವೊಂದರಲ್ಲಿ ಇದಕ್ಕೆ ಅಂಕಗಳನ್ನೇ ಕೊಟ್ಟಿದ್ದಾರೆ: ಒಂದು ಕತ್ತರಿ ಪ್ರಯೋಗದಲ್ಲಿ ಭಾವಕ್ಕೆ ನೂರಕ್ಕೆ 51, ಕಥೆಯ ಮುನ್ನಡೆಗೆ 23, ವಸ್ತು ವ್ಯಕ್ತಿಗಳು ಇದ್ದ ಜಾಗದಲ್ಲೇ ಇರಬೇಕೆಂಬ ನಿಯಮಕ್ಕೆ ಕೇವಲ 4. ಲೋಟ ಕೈ ಬದಲಾಯಿಸಿದ್ದು ನಿಮಗೆ ಮೊದಲ ನೋಟದಲ್ಲೇ ಕಂಡಿತೆಂದರೆ, ಬಹುಶಃ ಆ ದೃಶ್ಯದ ಭಾವ ನಿಮ್ಮನ್ನು ಹಿಡಿದಿಟ್ಟಿರಲಿಲ್ಲ.

ದಿಕ್ಕಿನ ತಪ್ಪು ಮಾತ್ರ ನೋಡುಗನನ್ನು ನಿಜವಾಗಿಯೂ ಗೊಂದಲಕ್ಕೆ ಕೆಡವುತ್ತದೆ. ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೊರಟ ಬಸ್ಸು ತೆರೆಯ ಎಡದಿಂದ ಬಲಕ್ಕೆ ಹೋಗುತ್ತಿದೆ. ಮುಂದಿನ ತುಣುಕಿನಲ್ಲಿ ಕ್ಯಾಮರಾ ರಸ್ತೆಯ ಆಚೆ ಬದಿಗೆ ದಾಟಿ ನಿಂತಿದ್ದರೆ ಅದೇ ಬಸ್ಸು ಬಲದಿಂದ ಎಡಕ್ಕೆ ಬರುತ್ತದೆ. ಏನನ್ನೋ ಮರೆತು ವಾಪಸು ಬಂದನೇ ಎಂದು ಪಕ್ಕದವರನ್ನು ಕೇಳಬೇಕಾಗುತ್ತದೆ. ಆದ್ದರಿಂದಲೇ ನಿರ್ದೇಶಕರು ಒಂದು ಕಾಲ್ಪನಿಕ ಗೆರೆ ಎಳೆದುಕೊಂಡು, ಕಾರಣವಿಲ್ಲದೆ ಅದನ್ನು ದಾಟುವುದಿಲ್ಲ.

ಇನ್ನು ಹಾಡುಗಳ ಭೂಗೋಳ. ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲ ಮೇಲೆ ಪಲ್ಲವಿ, ಬೃಂದಾವನದ ಕಾರಂಜಿಯ ಮುಂದೆ ಚರಣ. ನಡುವೆ 30 ಕಿಲೋಮೀಟರಿಗೂ ಹೆಚ್ಚು ರಸ್ತೆಯಿದೆ. ಜೋಡಿ ಒಂದು ಸುತ್ತು ತಿರುಗುವುದರೊಳಗೆ ಮುಟ್ಟಿರುತ್ತದೆ. ಇದನ್ನು ತಪ್ಪೆನ್ನುವವರು ಯಕ್ಷಗಾನದಲ್ಲಿ ರಂಗಸ್ಥಳಕ್ಕೆ ಎರಡು ಸುತ್ತು ಹಾಕಿ ವನವಾಸಕ್ಕೆ ಹೋಗುವುದನ್ನೂ ತಪ್ಪೆನ್ನಬೇಕಾದೀತು. ಹಾಡು ನಡೆಯುವುದು ಮನಸ್ಸಿನಲ್ಲಿ ಎಂಬ ಒಪ್ಪಂದ ನಮಗೂ ಚಿತ್ರಕ್ಕೂ ಮೊದಲೇ ಆಗಿದೆ. 1991ರ ತಮಿಳು ಚಿತ್ರ ‘ದಳಪತಿ’ಯಲ್ಲಿ ಯಮುನೆಯನ್ನು ನೆನೆಯುವ ಹಾಡಿಗೆ ಮಣಿರತ್ನಂ ಮೇಲುಕೋಟೆಗೆ ಬಂದರು, ಹಾಡುವವರು ಯಮುನೆಯ ದಡದಲ್ಲಿದ್ದಾರೆಂದು ಅಲ್ಲಿ ಯಾರೂ ಹೇಳುವುದಿಲ್ಲ. ಅದೇ ನಿರ್ದೇಶಕರ 2007ರ ‘ಗುರು’ ಚಿತ್ರದಲ್ಲಿ ಸ್ಥಿತಿ ಸ್ವಲ್ಪ ಬೇರೆ. ಕಥೆಯ ನಾಯಕಿ ಗುಜರಾತಿನವಳು. ಅವಳ ಮಳೆಯ ಹಾಡು ಮೇಲುಕೋಟೆಯಲ್ಲೂ ಕೇರಳದ ಅತಿರಪಳ್ಳಿ ಜಲಪಾತದ ಬಳಿಯೂ ತೆಗೆದದ್ದು. ಊರು ಇಂಥದ್ದೆಂದು ಚಿತ್ರ ಗಟ್ಟಿಯಾಗಿ ಹೇಳಿದಾಗ ನಮ್ಮ ರಾಯಗೋಪುರದ ಕಂಬಗಳನ್ನು ಗುರುತಿಸಿದವನಿಗೆ ಒಂದು ಕ್ಷಣ ಕಚಗುಳಿಯಾಗುವುದು ಸಹಜ. ಆದರೂ ನಾನು ಇದನ್ನು ತಪ್ಪಿನ ಪಟ್ಟಿಗೆ ಸೇರಿಸಲಾರೆ, ಹಾಡಾದ್ದರಿಂದ ಕ್ಷಮಿಸುತ್ತೇನೆ.

ನಿರ್ದೇಶಕರ ಮೇಲೆ ಹೊರಿಸುವ ಎಷ್ಟೋ ಆರೋಪಗಳಿಗೆ ಅವರು ಹೊಣೆಯೇ ಅಲ್ಲ. ಟೂರಿಂಗ್ ಟಾಕೀಸಿನ ಕಾಲವನ್ನು ನೆನಪಿಸಿಕೊಳ್ಳಿ. ಬೆಂಗಳೂರು ಮೈಸೂರುಗಳಲ್ಲಿ ನೂರಾರು ಸಲ ಓಡಿ ಸವೆದ ಪ್ರತಿ ತಿಂಗಳುಗಟ್ಟಲೆ ತಡವಾಗಿ ಕೃಷ್ಣರಾಜಪೇಟೆಯ, ನಾಗಮಂಗಲದ ಕಡೆಯ ಟೆಂಟುಗಳಿಗೆ ಬರುತ್ತಿತ್ತು. ಫಿಲಂ ಹರಿದಲ್ಲಿ ಆಪರೇಟರು ಕತ್ತರಿಸಿ ಅಂಟಿಸುತ್ತಿದ್ದ. 35 ಮಿಲಿಮೀಟರ್ ಫಿಲಂ ಒಂದು ಸೆಕೆಂಡಿಗೆ 24 ಚೌಕಟ್ಟುಗಳಂತೆ ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡು ಅಡಿ ಹೋಯಿತೆಂದರೆ ಒಂದು ಸೆಕೆಂಡಿಗೂ ಮಿಕ್ಕ ಕಥೆ ಹೋಯಿತು. ಬಾಗಿಲ ಬಳಿ ಇದ್ದ ಖಳನಾಯಕ ಇದ್ದಕ್ಕಿದ್ದಂತೆ ಮಂಚದ ಬಳಿ! ಸಾವಿರ ಅಡಿಯ ಒಂದು ರೀಲೆಂದರೆ ಸುಮಾರು 11 ನಿಮಿಷ. ಹತ್ತಿರದ ಎರಡು ಟೆಂಟುಗಳಿಗೆ ಒಂದೇ ಪ್ರತಿಯಿದ್ದರೆ ಡಬ್ಬಗಳು ಸೈಕಲ್ ಮೇಲೆ ಅತ್ತಿಂದಿತ್ತ ಓಡಬೇಕಿತ್ತು. ಡಬ್ಬ ಅದಲು ಬದಲಾದರೆ ಸತ್ತವನು ಎದ್ದು ಬಂದು ಊಟಕ್ಕೆ ಕೂರುತ್ತಿದ್ದ. ಆ ಚಿತ್ರದಲ್ಲಿ ತಲೆಬುಡವಿಲ್ಲ ಎಂದು ಅಂದು ಮನೆಗೆ ಹೋದವರು ಇಂದಿಗೂ ಹಾಗೆಯೇ ವಾದಿಸುತ್ತಾರೆ. ಅವರು ಕಂಡದ್ದು ಸುಳ್ಳಲ್ಲ, ಆದರೆ ಕಂಡದ್ದು ನಿರ್ದೇಶಕ ಮಾಡಿದ ಚಿತ್ರವಲ್ಲ.

ಸೆನ್ಸಾರ್ ಕತ್ತರಿ ಇನ್ನೊಂದು ಬಗೆಯದು. ಮತ್ತೆ ‘ಶೋಲೆ’ಗೇ ಬರೋಣ. ಠಾಕೂರರು ಗಬ್ಬರನನ್ನು ಕಾಲಿನಡಿ ಹಾಕಿ ತುಳಿಯುವ ಹೊತ್ತಿಗೆ ಸರಿಯಾಗಿ ಪೊಲೀಸರು ಪ್ರತ್ಯಕ್ಷರಾಗಿ ಕಾನೂನಿನ ಮಾತಾಡುತ್ತಾರೆ. ಇಷ್ಟು ಹೊತ್ತು ಇಲ್ಲದ ಪೊಲೀಸರು ಈಗೆಲ್ಲಿಂದ ಬಂದರು ಎಂದು ಕೇಳದವರಿಲ್ಲ. ರಾಮನಗರದ ಬಂಡೆಗಳ ನಡುವೆ ರಮೇಶ್ ಸಿಪ್ಪಿ ಮೊದಲು ಚಿತ್ರಿಸಿದ ಕೊನೆಯಲ್ಲಿ ಠಾಕೂರರು ಮೊಳೆ ಬಡಿದ ಪಾದರಕ್ಷೆಯಿಂದ ಗಬ್ಬರನನ್ನು ಕೊಂದೇಬಿಡುತ್ತಾರೆ. ಅದು 1975ರ ತುರ್ತುಪರಿಸ್ಥಿತಿಯ ಕಾಲ. ಮಾಜಿ ಪೊಲೀಸ್ ಅಧಿಕಾರಿಯೇ ಕಾನೂನನ್ನು ಕೈಗೆತ್ತಿಕೊಳ್ಳುವುದಕ್ಕೆ ಸೆನ್ಸಾರ್ ಮಂಡಳಿ ಒಪ್ಪಲಿಲ್ಲ, ಕೊನೆಯನ್ನು ಮತ್ತೆ ಚಿತ್ರಿಸಬೇಕಾಯಿತು. ಸೇವಕ ಆ ಪಾದರಕ್ಷೆಗೆ ಮೊಳೆ ಬಡಿಯುವ ದೃಶ್ಯವೂ ಹೋಯಿತು. ಮೂಲ ಅಂತ್ಯವಿರುವ, ಹೊಸದಾಗಿ ಸಂಸ್ಕರಿಸಿದ ಪ್ರತಿಯನ್ನು 2025ರಲ್ಲಿ ಇಟಲಿಯ ಬೊಲೋನ್ಯಾ ಉತ್ಸವದಲ್ಲಿ ತೋರಿಸಿದರು. ಐವತ್ತು ವರ್ಷ ನಾವು ಚಿತ್ರಕಥೆಯ ತಪ್ಪೆಂದು ನಗುತ್ತಿದ್ದುದು ಒಂದು ಸರ್ಕಾರೀ ಆಕ್ಷೇಪದ ಗುರುತು.

ಈವರೆಗೆ ಹೇಳಿದ್ದರಲ್ಲಿ ಯಾವುದರಿಂದಲೂ ಯಾರಿಗೂ ನಷ್ಟವಿಲ್ಲ. ಇತಿಹಾಸದ ಕಥೆಗೆ ಬಂದಾಗ ನಾನು ಇಷ್ಟು ಉದಾರಿಯಲ್ಲ. ಶ್ರೀರಂಗಪಟ್ಟಣವನ್ನೇ ತೆಗೆದುಕೊಳ್ಳಿ. ಭಗವಾನ್ ಗಿದ್ವಾನಿಯವರ ಕಾದಂಬರಿಯನ್ನು ಆಧರಿಸಿದ ‘ದ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿ 1990ರಲ್ಲಿ ದೂರದರ್ಶನದಲ್ಲಿ ಬಂದಾಗ ದೇಶದಾದ್ಯಂತ ವಿವಾದವೆದ್ದಿತು. ಇದು ಕಾದಂಬರಿಯ ಕಲ್ಪನೆ ಎಂಬ ಸೂಚನೆಯೊಡನೆ ಅದು ಪ್ರಸಾರವಾಯಿತು. ಅದರ ಚಿತ್ರೀಕರಣದ ವೇಳೆ, 1989ರ ಫೆಬ್ರವರಿ 8ರಂದು, ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಬೆಂಕಿ ಹತ್ತಿ 62 ಜನ ಸತ್ತರು. ತೆರೆಯ ಮೇಲಿನ ಖಡ್ಗದ ಆಕಾರ ಸರಿಯೇ ತಪ್ಪೇ ಎಂದು ಚರ್ಚಿಸುವಾಗ ಆ ಸಂಖ್ಯೆಯೂ ನೆನಪಿರಲಿ.

ಸೂಚನೆ ಕೆಲವು ಕ್ಷಣ ಮಾತ್ರ ಇರುತ್ತದೆ, ಚಿತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಕೋಟೆ ನೋಡಲು ಬಂದ ಮಗು ಟಿಪ್ಪುವಿನ ಅರಮನೆ ಎಲ್ಲಿ ಎಂದು ಕೇಳುತ್ತದೆ. ಲಾಲ್ ಮಹಲ್ ಅರಮನೆ ಇಂದು ಇಲ್ಲ, ತಳಪಾಯದ ಅವಶೇಷವಷ್ಟೇ ಇದೆ. ತೆರೆಯ ಮೇಲೆ ಯಾವ ಅರಮನೆ ಕಂಡರೂ ಅದು ಸೆಟ್ಟು ಅಥವಾ ಬೇರೆ ಊರಿನ ಕಟ್ಟಡ. ಅದು ಅನಿವಾರ್ಯ, ಒಪ್ಪೋಣ. ಆದರೆ ಟಿಪ್ಪುವಿನ ದಂಡು ವೆಲ್ಲೆಸ್ಲಿ ಸೇತುವೆಯ ಮೇಲೆ ನಡೆದರೆ ಒಪ್ಪಬೇಕಿಲ್ಲ. ಆ ಸೇತುವೆಯನ್ನು ಪೂರ್ಣಯ್ಯನವರು ಕಟ್ಟಿಸಿ ಮುಗಿಸಿದ್ದು 1804ರಲ್ಲಿ, ಸುಲ್ತಾನ ಸತ್ತ ಐದು ವರ್ಷಗಳ ಮೇಲೆ. ಅವನ ಸರದಾರ ‘ಪಾಂಡವಪುರದ ಕಡೆಯಿಂದ ಶತ್ರು ಬಂದ’ ಎನ್ನುವುದೂ ಸಲ್ಲದು. ಆಗ ಆ ಊರು ಹಿರೋಡೆ. ಫ್ರೆಂಚ್ ಸೈನಿಕರು ಅಲ್ಲಿ ತಂಗಿದ್ದರಿಂದ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಬಂತು. ಕೃಷ್ಣರಾಜಪೇಟೆ ಆಗಿನ್ನೂ ಅತ್ತಿಗುಪ್ಪೆ.

ಇವೆಲ್ಲಕ್ಕಿಂತ ದೊಡ್ಡದು ನೀರಿನ ಪ್ರಶ್ನೆ. 1799ರ ಮೇ 4ರ ಮಧ್ಯಾಹ್ನ ಇಂಗ್ಲಿಷರ ಪಡೆ ಕೋಟೆಗೆ ನುಗ್ಗಿದ್ದು ಕಾವೇರಿಯ ಪಾತ್ರವನ್ನು ದಾಟಿ. ಬೇಸಗೆಯಾದ್ದರಿಂದ ಹೊಳೆಯಲ್ಲಿ ನೀರು ಕಡಿಮೆಯಿತ್ತು, ಬಂಡೆಗಳು ತೇಲಿದ್ದವು. ಮಳೆಗಾಲ ಹಿಡಿದು ಹೊಳೆ ಬಂದರೆ ಮುತ್ತಿಗೆ ನಿಲ್ಲುತ್ತಿರಲಿಲ್ಲವೆಂಬ ಆತುರದಲ್ಲೇ ಅವರು ವಾಯವ್ಯದ ಗೋಡೆಯನ್ನು ಒಡೆದು ನುಗ್ಗಿದರು. ತುಂಬಿದ ಕಾವೇರಿ ತೆರೆಯ ಮೇಲೆ ಚೆಂದ ಕಾಣುತ್ತದೆಂದು ನಿರ್ದೇಶಕನೊಬ್ಬ ಈ ದಾಳಿಗೆ ತುಂಬಿದ ಹೊಳೆಯನ್ನು ತೋರಿಸಿದರೆ, ಕೆಟ್ಟದ್ದು ಒಂದು ದೃಶ್ಯ ಮಾತ್ರವಲ್ಲ. ಯುದ್ಧ ಆ ದಿನವೇ ಏಕೆ ಮುಗಿಯಿತು, ಇನ್ನೊಂದು ತಿಂಗಳು ಕೋಟೆ ತಡೆದುಕೊಂಡಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯೇ ನೋಡುಗನಿಗೆ ಹುಟ್ಟದೆ ಹೋಗುತ್ತದೆ. ಇಂದು ಇದನ್ನು ಚಿತ್ರಿಸುವವರಿಗೆ ಇನ್ನೊಂದು ತೊಡಕೂ ಇದೆ. ಮೇಲೆ ಕನ್ನಂಬಾಡಿ ಅಣೆಕಟ್ಟೆಯಿರುವುದರಿಂದ, ಮೇ ತಿಂಗಳಲ್ಲಿ ಹೊಳೆ ಹೇಗಿರುತ್ತದೆಂಬುದನ್ನು ಹೇಳಲು ಪಂಚಾಂಗ ಸಾಲದು, ತೂಬಿನವರನ್ನೂ ಕೇಳಬೇಕು.

ಹಾಗೆಯೇ ತಪ್ಪು ಹುಡುಕುವವರೂ ಕೊಂಚ ವಿಚಾರಿಸಬೇಕು. ಕೋಟೆಯ ಬಳಿ ಟಿಪ್ಪು ಕಾಲದ ಒಂದು ಶಸ್ತ್ರಾಗಾರವಿದೆ. ಬೆಂಗಳೂರು ಮೈಸೂರು ರೈಲಿನ ಜೋಡಿಮಾರ್ಗಕ್ಕೆ ಅಡ್ಡವಾಗಿದ್ದ ಅದನ್ನು ಕೆಡವದೆ, 2017ರಲ್ಲಿ ಇಡೀ ಕಟ್ಟಡವನ್ನೇ ನೆಲದಿಂದ ಬಿಡಿಸಿ ಸುಮಾರು 100 ಮೀಟರು ದೂರಕ್ಕೆ ಸರಿಸಿದರು. ಆ ಕಟ್ಟಡವಿರುವ ಹಳೆಯ ಚಿತ್ರವನ್ನು ನೋಡಿದವರು, ಕೋಟೆಗೆ ಹೋಗಿ ಅಳೆದು, ಚಿತ್ರದಲ್ಲಿ ಅದು ತಪ್ಪು ಜಾಗದಲ್ಲಿದೆಯೆಂದು ಪಂಥ ಕಟ್ಟಿದರೆ, ಚಿತ್ರ ತೆಗೆದ ವರ್ಷ ಯಾವುದೆಂದು ಮೊದಲು ಕೇಳಿಕೊಳ್ಳುವುದು ಒಳ್ಳೆಯದು.