ನಿಮಗಿದು ಗೊತ್ತೇ? ತಿಪ್ಪೆಗೂ ಹಣ್ಣಿನ ಬಟ್ಟಲಿಗೂ ನೆಂಟಸ್ತಿಕೆ!

ಕಾಂಪೋಟ್ ಅಂದರೆ ಏನು? ಹಣ್ಣು ಹೆಚ್ಚಿ, ಒಂದಿಷ್ಟು ಸಕ್ಕರೆ ಹಾಕಿ, ಸಣ್ಣ ಉರಿಯಲ್ಲಿ ಹದವಾಗಿ ಬೇಯಿಸಿದ್ದು. ಅಷ್ಟೇ! ಜಾಮ್‌ನಷ್ಟು ಗಟ್ಟಿಯಲ್ಲ, ಜ್ಯೂಸ್‌ನಷ್ಟು ತೆಳುವಲ್ಲ. ಹೋಳುಗಳು ಹೋಳುಗಳಾಗಿಯೇ ಇರುತ್ತವೆ, ಸುತ್ತ ಮಿರಮಿರ ಮಿಂಚುವ ಪಾಕ. ಕಾಲು ಗಂಟೆಯ ಕೆಲಸ. ಆದರೆ ಆ ಕಾಲು ಗಂಟೆಯಲ್ಲಿ ಪಾತ್ರೆಯೊಳಗೆ ಏನೇನೆಲ್ಲ ನಡೆಯುತ್ತದೆ ಗೊತ್ತೇ? ಬನ್ನಿ, ಮುಚ್ಚಳ ತೆಗೆದು ನೋಡೋಣ!

ಮೊದಲು ಹೆಸರಿನ ವಿಷಯ. ಫ್ರೆಂಚರ ಕಾಂಪೋಟ್‌ಗೂ ನಾವು ತೋಟಕ್ಕೆ ಹಾಕುವ ಕಾಂಪೋಸ್ಟ್ ಗೊಬ್ಬರಕ್ಕೂ ತಾಯಿಬೇರು ಒಂದೇ! ಲ್ಯಾಟಿನ್‌ನಲ್ಲಿ ‘ಒಟ್ಟುಗೂಡಿಸಿದ್ದು’ ಎಂಬ ಅರ್ಥದ ಪದವೊಂದಿತ್ತು. ಅದರ ಒಂದು ಕವಲು ಊಟದ ಮೇಜಿಗೆ ಬಂತು. ಇನ್ನೊಂದು ನೇರ ತಿಪ್ಪೆಗೆ ಹೋಯಿತು!

ಫ್ರಾನ್ಸಿನಲ್ಲಿ ಕಾಂಪೋಟನ್ನು ಚಮಚದಲ್ಲಿ ತಿನ್ನುತ್ತಾರೆ. ರಷ್ಯಾ, ಉಕ್ರೇನ್, ಪೋಲೆಂಡ್ ಕಡೆ ಹೋಗಿ ‘ಕೊಂಪೋತ್’ ಕೇಳಿ ನೋಡಿ. ನಿಮ್ಮ ಮುಂದೆ ಬರುವುದು ಲೋಟ! ಅಲ್ಲಿ ಹಣ್ಣನ್ನು ಬೇಕಾದಷ್ಟು ನೀರಿನಲ್ಲಿ ಕುದಿಸಿ, ಆ ನೀರನ್ನೇ ಕುಡಿಯುತ್ತಾರೆ. ಪೋಲೆಂಡಿನಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟಕ್ಕೆ 12 ಬಗೆ ಮಾಡುವ ಸಂಪ್ರದಾಯವಿದೆ. ಒಣಹಣ್ಣಿನ ಕೊಂಪೋತ್ ಇಲ್ಲದಿದ್ದರೆ ಆ ಊಟ ಊಟವೇ ಅಲ್ಲ!

ಟರ್ಕಿಯವರದು ಇನ್ನೂ ಚೆನ್ನ. ಒಣಹಣ್ಣು ಬೇಯಿಸಿ ಮಾಡುವ ಇಂಥದ್ದೇ ಸಿಹಿಗೆ ಅಲ್ಲಿ ‘ಹೊಷಾಫ್’ ಎನ್ನುತ್ತಾರೆ. ಇದು ಪಾರಸಿ ಭಾಷೆಯ ‘ಖುಷ್’ ಮತ್ತು ‘ಆಬ್’ ಸೇರಿ ಆದ ಪದ. ಖುಷ್ ಅಂದರೆ ನಾವು ದಿನಾ ಹೇಳುವ ಖುಷಿಯೇ! ಆಬ್ ಅಂದರೆ ನೀರು. ಐದು ನದಿಗಳ ಪಂಜಾಬಿನಲ್ಲಿರುವುದೂ ಅದೇ ಆಬ್, ನಮ್ಮ ಗುಲಾಬಿಯಲ್ಲಿರುವುದೂ ಅದೇ ಆಬ್! ಹೊಷಾಫ್ ಅಂದರೆ ಖುಷಿಯ ನೀರು. ಎಷ್ಟು ಮುದ್ದಾದ ಹೆಸರು ಅಲ್ಲವೇ?

ಅಷ್ಟು ದೂರ ಯಾಕೆ, ಹೈದರಾಬಾದಿನ ಮದುವೆಯೂಟದ ‘ಖುಬಾನಿ ಕಾ ಮೀಠಾ’ ನೆನಪಿಸಿಕೊಳ್ಳಿ. ಒಣಗಿಸಿದ ಏಪ್ರಿಕಾಟ್ ನೆನೆಸಿ, ಸಕ್ಕರೆಯಲ್ಲಿ ಬೇಯಿಸಿದ ಅಪ್ಪಟ ಕಾಂಪೋಟ್ ಅದು! ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಹಾಗಾಗಿ ಆ ಕಡೆಯವರಿಗೆ ಇದರ ರುಚಿ ಹೊಸದಲ್ಲ. ಅದರ ಮೇಲೆ ಬಾದಾಮಿಯಂಥ ಬಿಳಿ ಬೀಜ ಇರುತ್ತದಲ್ಲ? ಎಷ್ಟೋ ಸಲ ಅದು ಬಾದಾಮಿಯೇ ಅಲ್ಲ! ಅದೇ ಹಣ್ಣಿನ ಓಟೆ ಒಡೆದು ತೆಗೆದ ತಿರುಳು!

ಸರಿ, ಈಗ ಒಲೆ ಹಚ್ಚೋಣ. ಅರ್ಧ ಕೆಜಿ ಹಣ್ಣು, ನಾಲ್ಕೈದು ದೊಡ್ಡ ಚಮಚ ಸಕ್ಕರೆ, ಅರ್ಧ ಲೋಟ ನೀರು, ಅರ್ಧ ಹೋಳು ನಿಂಬೆಹಣ್ಣಿನ ರಸ, ಒಂದು ತುಂಡು ಚಕ್ಕೆ. ಸಣ್ಣ ಉರಿಯಲ್ಲಿ 10ರಿಂದ 15 ನಿಮಿಷ. ಹಣ್ಣು ತುಂಬ ಸಿಹಿಯಿದ್ದರೆ ಸಕ್ಕರೆ ಇನ್ನೂ ಕಡಿಮೆ ಸಾಕು. ಇಷ್ಟೇ ಇಡೀ ವಿಧಾನ!

ಸ್ಟ್ರಾಬೆರಿಯಾದರೆ ಆ ಅರ್ಧ ಲೋಟ ನೀರೂ ಬೇಡ! ಹೆಚ್ಚಿದ ಹಣ್ಣಿನ ಮೇಲೆ ಸಕ್ಕರೆ ಉದುರಿಸಿ ಅರ್ಧ ಗಂಟೆ ಬಿಟ್ಟು ಬನ್ನಿ. ಹೋಗುವಾಗ ಒಣಗಿದ್ದ ಬಟ್ಟಲಿನ ತಳದಲ್ಲಿ ಬರುವಾಗ ಕೆಂಪು ಕೊಳ! ನೀವು ಒಂದು ಹನಿ ನೀರೂ ಹಾಕಿಲ್ಲ. ಹಾಗಲಕಾಯಿಗೆ ಉಪ್ಪು ಸವರಿಟ್ಟರೆ ನೀರು ಬಿಡುತ್ತದಲ್ಲ, ಅದೇ ವಿದ್ಯೆ. ಉಪ್ಪು ಮಾಡುವ ಕೆಲಸವನ್ನು ಇಲ್ಲಿ ಸಕ್ಕರೆ ಮಾಡುತ್ತದೆ!

ಸ್ಟ್ರಾಬೆರಿ ಅಂದ ಮೇಲೆ ಒಬ್ಬ ಗೂಢಚಾರನ ಕಥೆ ಹೇಳಲೇಬೇಕು. 1712ರಲ್ಲಿ ಫ್ರಾನ್ಸಿನ ಸೇನಾ ಎಂಜಿನಿಯರ್ ಒಬ್ಬ ದಕ್ಷಿಣ ಅಮೆರಿಕದ ಚಿಲಿಗೆ ಹೋದ. ಸ್ಪೇನಿನವರ ಕೋಟೆಗಳು ಎಲ್ಲೆಲ್ಲಿವೆ, ಹೇಗಿವೆ ಎಂದು ಗುಟ್ಟಾಗಿ ನಕ್ಷೆ ಬರೆದು ತರುವುದು ಅವನ ಕೆಲಸ. ಅಲ್ಲಿ ಅವನ ಕಣ್ಣು ದಪ್ಪ ದಪ್ಪ ಸ್ಟ್ರಾಬೆರಿಗಳ ಮೇಲೆ ಬಿತ್ತು. ಗಿಡಗಳನ್ನು ಹಡಗಿಗೆ ಹೇರಿದ. ತಿಂಗಳುಗಟ್ಟಲೆ ಸಮುದ್ರ ಪ್ರಯಾಣ. 1714ರಲ್ಲಿ ಊರು ಮುಟ್ಟುವಾಗ ಬದುಕಿದ್ದದ್ದು ಐದೇ ಗಿಡ! ಅವೂ ಹೆಣ್ಣು ಗಿಡಗಳು, ಹಣ್ಣು ಬಿಡಲೊಲ್ಲವು. ಮುಂದೆ ಅವುಗಳ ಪಕ್ಕದಲ್ಲಿ ಉತ್ತರ ಅಮೆರಿಕದ ಇನ್ನೊಂದು ಜಾತಿಯ ಸ್ಟ್ರಾಬೆರಿ ಬೆಳೆದಾಗ ತಾನಾಗಿಯೇ ಪರಾಗ ಸೇರಿತು. ಇವತ್ತು ಮಹಾಬಲೇಶ್ವರದಿಂದ ನಮ್ಮ ಅಂಗಡಿಗೆ ಬರುವ ಹಣ್ಣು ಆ ಕೂಡಿಕೆಯ ಸಂತಾನ! ಆ ಗೂಢಚಾರನ ಹೆಸರು ಕೇಳಿದಿರಾ? ಫ್ರೆಜಿಯೆ. ಫ್ರೆಂಚ್‌ನಲ್ಲಿ ಸ್ಟ್ರಾಬೆರಿಗೆ ಏನೆನ್ನುತ್ತಾರೆ? ಫ್ರೇಜ್! ಕಥೆ ಕಟ್ಟಿದರೂ ಹೀಗೆ ಕಟ್ಟಲು ಆಗುತ್ತಿರಲಿಲ್ಲ!

ಇನ್ನೊಂದು ಮಾತು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಸ್ಟ್ರಾಬೆರಿ ‘ಬೆರಿ’ಯೇ ಅಲ್ಲ. ಬಾಳೆಹಣ್ಣು ಬೆರಿ!

ಸೇಬನ್ನು ಬಕೆಟ್ ನೀರಿಗೆ ಹಾಕಿ ನೋಡಿ. ತೇಲುತ್ತದೆ! ಅದರ ಗಾತ್ರದಲ್ಲಿ ಸುಮಾರು ಕಾಲು ಭಾಗ ಬರೀ ಗಾಳಿ. ಪಾತ್ರೆ ತುಂಬ ಹಾಕಿದ ಸೇಬಿನ ಹೋಳು ಬೇಯುತ್ತ ಬೇಯುತ್ತ ಕುಸಿದು ಕೂರುವುದು ಅದಕ್ಕೇ. ಹಣ್ಣಿನ ಉಸಿರು ಹೋಗಿರುತ್ತದೆ!

ಸೇಬಿನ ಬೀಜ ಮಾತ್ರ ತೆಗೆದುಬಿಡಿ. ಜಜ್ಜಿದರೆ ಅದರಿಂದ ಸಯನೈಡ್ ಹುಟ್ಟುತ್ತದೆ! ಗೊತ್ತಿಲ್ಲದೆ ಒಂದೆರಡು ನುಂಗಿದರೆ ಏನೂ ಆಗುವುದಿಲ್ಲ, ಹೆದರಬೇಡಿ.

ಈಗ ಒಂದು ಪಂದ್ಯ. ಎರಡು ಪಾತ್ರೆ ಇಡಿ. ಒಂದರಲ್ಲಿ ಸೇಬಿನ ಹೋಳನ್ನು ಬರೀ ನೀರಿನಲ್ಲಿ ಬೇಯಿಸಿ, ಕೊನೆಗೆ ಸಕ್ಕರೆ ಹಾಕಿ. ಇನ್ನೊಂದರಲ್ಲಿ ಮೊದಲೇ ಸಕ್ಕರೆ, ನಿಂಬೆರಸ ಹಾಕಿ ಬೇಯಿಸಿ. ಅದೇ ಹಣ್ಣು, ಅದೇ ಸಕ್ಕರೆ, ಅದೇ ಉರಿ. ಮೊದಲ ಪಾತ್ರೆಯಲ್ಲಿ ಹೋಳು ಕರಗಿ ಗಂಜಿಯಾಗಿರುತ್ತದೆ. ಎರಡನೆಯದರಲ್ಲಿ ಅಂಚು ಕೂಡ ಮುರಿಯದೆ, ಗಾಜಿನ ಹಾಗೆ ಹೊಳೆಯುತ್ತ ಕೂತಿರುತ್ತದೆ! ಸಕ್ಕರೆ ಮತ್ತು ಹುಳಿ ಎರಡೂ ಹಣ್ಣನ್ನು ಬೇಗ ಮೆತ್ತಗಾಗಲು ಬಿಡುವುದಿಲ್ಲ.

ಇದು ನಮ್ಮ ಅಜ್ಜಿಯರಿಗೆ ಎಂದೋ ಗೊತ್ತಿತ್ತು! ‘ತರಕಾರಿ ಬೇಯುವ ಮುಂಚೆ ಹುಳಿ ಹಾಕಬೇಡ’ ಎಂದು ಅವರು ಗದರುತ್ತಿರಲಿಲ್ಲವೇ? ಪಾಯಸದ ಕಡಲೆಬೇಳೆ ಪೂರ್ತಿ ಬೆಂದ ಮೇಲೆಯೇ ಬೆಲ್ಲ ಹಾಕುತ್ತಿರಲಿಲ್ಲವೇ? ಅದೇ ನಿಯಮ! ಬೇಳೆಗೆ ಬೇಡವಾದದ್ದು ಕಾಂಪೋಟ್‌ಗೆ ವರ!

ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಬೆಂಗಳೂರಿನಲ್ಲಿ? ಸುಮಾರು 97ಕ್ಕೇ! ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿರುವ ಊರಲ್ಲವೇ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಹಾಗಾಗಿ ಕರಾವಳಿಯ ಅಕ್ಕ ಹೇಳಿಕೊಟ್ಟ ಹೊತ್ತಿಗಿಂತ ಮಡಿಕೇರಿಯ ತಂಗಿ ತುಸು ಹೆಚ್ಚು ಹೊತ್ತು ಬೇಯಿಸಬೇಕು!

ಒಂದು ಲೀಟರ್ ತಣ್ಣೀರಿನಲ್ಲಿ ಎಷ್ಟು ಸಕ್ಕರೆ ಕರಗಿಸಬಹುದು, ಹೇಳಿ? ಅರ್ಧ ಕೆಜಿ? ಒಂದು ಕೆಜಿ? ಎರಡು ಕೆಜಿ! ನೀರಿಗಿಂತ ಸಕ್ಕರೆಯೇ ದುಪ್ಪಟ್ಟು!

ಪಾಕ ಮಂದವಾಗುವುದು ಪೆಕ್ಟಿನ್ ಎಂಬ ವಸ್ತುವಿನಿಂದ. ಹಣ್ಣಿನ ಕಣಕಣವನ್ನೂ ಅಂಟಿಸಿ ಹಿಡಿದಿರುವ ಗಾರೆ ಅದು. 1825ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಆಂರಿ ಬ್ರಾಕನೋ ಅದಕ್ಕೆ ಹೆಸರಿಟ್ಟ. ಗ್ರೀಕ್ ಭಾಷೆಯ ‘ಹೆಪ್ಪುಗಟ್ಟುವುದು’ ಎಂಬ ಮಾತಿನಿಂದ! ಸ್ವಾರಸ್ಯ ಕೇಳಿ, ಇದು ಕಳಿತ ಹಣ್ಣಿಗಿಂತ ದೋರೆಗಾಯಿಯಲ್ಲಿ ಜಾಸ್ತಿ. ಸೀಬೆಯಲ್ಲಂತೂ ಧಾರಾಳ. ಅದಕ್ಕೇ ಸೀಬೆಹಣ್ಣಿನ ಕಾಂಪೋಟ್ ಒಲೆಯ ಮೇಲೆ ನೀರುನೀರಾಗಿದ್ದರೂ ಚಿಂತೆ ಬೇಡ. ಆರಿದ ಮೇಲೆ ನೋಡಿ, ತಾನೇ ಗಟ್ಟಿಯಾಗಿರುತ್ತದೆ!

ಅನಾನಸ್ ಒಂದು ಹಣ್ಣಲ್ಲ! ಹೌದು. ನೂರಕ್ಕೂ ಮಿಕ್ಕಿದ ಹೂವುಗಳ ಹಣ್ಣುಗಳು ಒಂದಕ್ಕೊಂದು ಅಂಟಿಕೊಂಡು ಆದ ಕೂಡುಕುಟುಂಬ. ಮೇಲಿನ ಒಂದೊಂದು ಕಣ್ಣೂ ಒಂದೊಂದು ಹೂವಿನ ಗುರುತು. ನಮ್ಮ ಹಲಸಿನದೂ ಇದೇ ಜಾತಕ!

18ನೇ ಶತಮಾನದ ಇಂಗ್ಲೆಂಡಿನಲ್ಲಿ ಅನಾನಸ್ ಎಷ್ಟು ದುಬಾರಿಯಿತ್ತೆಂದರೆ, ಅದನ್ನು ಬಾಡಿಗೆಗೆ ಕೊಡುತ್ತಿದ್ದರು! ಔತಣದ ರಾತ್ರಿ ಮೇಜಿನ ನಡುವೆ ಇಟ್ಟು ನೆಂಟರಿಗೆ ತೋರಿಸುವುದು. ತಿನ್ನುವ ಹಾಗಿಲ್ಲ! ಮರುದಿನ ಇನ್ನೊಬ್ಬರ ಮನೆಗೆ. ಬನವಾಸಿಯ ಹೊಲಗಳಲ್ಲಿ ಸಾಲುಸಾಲಾಗಿ ನಿಂತ ಅನಾನಸ್ ಕಂಡಿದ್ದರೆ ಅವರು ಏನೆನ್ನುತ್ತಿದ್ದರೋ!

ಹಸಿ ಅನಾನಸ್ ತಿಂದರೆ ನಾಲಿಗೆ ಚುರುಚುರು ಎನ್ನುತ್ತದಲ್ಲ? ನೀವು ಅದನ್ನು ತಿನ್ನುವಾಗ ಅದೂ ನಿಮ್ಮನ್ನು ತಿನ್ನುತ್ತಿರುತ್ತದೆ! ಅದರಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಪ್ರೋಟೀನನ್ನು ಒಡೆಯುತ್ತದೆ. ಹಸಿ ಅನಾನಸನ್ನು ಹಾಲಿಗೆ ಹಾಕಿಟ್ಟರೆ ಕಹಿಯಾಗುವುದೂ ಅದರಿಂದಲೇ. ಆದರೆ ಒಂದು ಕುದಿ ಬಂತೋ, ಕಿಣ್ವ ಸತ್ತೇಹೋಯಿತು! ಆಮೇಲೆ ಮೊಸರು, ಕೆನೆ, ಐಸ್‌ಕ್ರೀಮ್, ಯಾವುದರ ಜೊತೆಗಾದರೂ ಹಾಕಿಕೊಳ್ಳಿ. ನನ್ನನ್ನು ಕೇಳಿದರೆ ಬಿಸಿ ಕೇಸರಿಬಾತಿನ ಮೇಲೆ ಎರಡು ಚಮಚ. ಅದಕ್ಕಿಂತ ಸುಖ ಇನ್ನಿಲ್ಲ!

ನೇರಳೆ ಹಣ್ಣಿನ ಕಾಲ ಬಂದಾಗ ಇದೊಂದನ್ನು ಮಾಡಲೇಬೇಕು. ಹಣ್ಣು ಬೇಯಿಸಿ, ಬೀಜ ಸೋಸಿ, ಒಂದೊಂದು ಚಮಚ ರಸವನ್ನು ಎರಡು ಬಿಳಿ ಬಟ್ಟಲಿಗೆ ಹಾಕಿ. ಒಂದಕ್ಕೆ ನಿಂಬೆರಸ ಹಿಂಡಿ. ಥಟ್ಟನೆ ಕೆಂಪು! ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ. ಕಣ್ಣೆದುರೇ ನೀಲಿಗೆ ತಿರುಗಿ, ಹಸಿರಿನತ್ತ ಹೊರಳುತ್ತದೆ! ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿ. ಅಂಗಿಗೆ ಚೆಲ್ಲದ ಹಾಗೆ ನೋಡಿಕೊಳ್ಳಿ, ಕಲೆ ಸುಲಭಕ್ಕೆ ಹೋಗುವುದಿಲ್ಲ.

ಇಷ್ಟು ಹುಳಿಯಿರುವ ಹಣ್ಣನ್ನು ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಬೇಯಿಸಿ ಹಾಗೇ ಇಡಬೇಡಿ. ಹುಳಿ ಲೋಹವನ್ನೇ ಕರಗಿಸಿ ಎಳೆದುಕೊಳ್ಳುತ್ತದೆ! ಸ್ಟೀಲ್ ಪಾತ್ರೆ ಒಳ್ಳೆಯದು.

ಚಕ್ಕೆ ಅಂದರೆ ಮರದ ತೊಗಟೆ. ಲವಂಗ ಅಂದರೆ ಅರಳದ ಮೊಗ್ಗು. ವೆನಿಲ್ಲಾ? ಅದು ಆರ್ಕಿಡ್ ಬಳ್ಳಿಯ ಕೋಡು! ಮೆಕ್ಸಿಕೊದ ಈ ಬಳ್ಳಿಯನ್ನು ಬೇರೆ ದೇಶಗಳಿಗೆ ಒಯ್ದವರಿಗೆ ಹೂವು ಸಿಕ್ಕಿತು, ಕೋಡು ಸಿಗಲಿಲ್ಲ. ತೋಟಕ್ಕೆ ಒದಗುವ ಸುಲಭದ ಉಪಾಯ ಕಂಡುಹಿಡಿದದ್ದು ಯಾರು ಗೊತ್ತೇ? ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ 12 ವರ್ಷದ ಹುಡುಗ, ಎಡ್ಮಂಡ್! 1841ರಲ್ಲಿ ಅವನು ಒಂದು ಸಣ್ಣ ಕಡ್ಡಿ ಹಿಡಿದು, ಹೂವಿನೊಳಗಿನ ತೆಳು ಪರದೆ ಎತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಪರಾಗ ಸೇರಿಸಿ ತೋರಿಸಿದ. ಹೂವು ಅರಳಿರುವುದು ಒಂದೇ ದಿನ, ಅದರೊಳಗೆ ಕೆಲಸ ಮುಗಿಯಬೇಕು. 2000ದ ಆಚೀಚೆ ನಮ್ಮ ಮಲೆನಾಡು, ದಕ್ಷಿಣ ಕನ್ನಡದಲ್ಲಿ ವೆನಿಲ್ಲಾ ಬೆಳೆದವರು ಬೆಳಬೆಳಗ್ಗೆ ಬಳ್ಳಿಯ ಮುಂದೆ ನಿಂತು ಮಾಡುತ್ತಿದ್ದದ್ದು ಆ ಹುಡುಗನ ಕೈಚಳಕವನ್ನೇ! ಜಗತ್ತಿಗೆ ಇಷ್ಟು ಪರಿಮಳ ಕೊಟ್ಟ ಅವನು ಮಾತ್ರ ಬಡವನಾಗಿಯೇ ತೀರಿಕೊಂಡ. ಇದನ್ನು ಬರೆಯುವಾಗ ನನಗೆ ಗಂಟಲು ಕಟ್ಟುತ್ತದೆ.

ಕ್ಯಾರೆಟ್ ತರಕಾರಿಯೋ ಹಣ್ಣೋ? ಯೂರೋಪ್ ಒಕ್ಕೂಟದ 2001ರ ಜಾಮ್ ನಿಯಮದ ಪ್ರಕಾರ ಹಣ್ಣು! ಗೆಣಸೂ ಹಣ್ಣು, ಸೌತೆಕಾಯಿಯೂ ಹಣ್ಣು! ಅಮೆರಿಕದ ಒಂದು ನ್ಯಾಯಾಲಯ 1947ರಲ್ಲಿ ರೂಬಾರ್ಬ್ ಎಂಬ ಹುಳಿ ದಂಟನ್ನು ಹಣ್ಣೆಂದು ತೀರ್ಪು ಕೊಟ್ಟಿತು! ಆ ದಂಟಿನ ಕಾಂಪೋಟ್ ಬಲು ರುಚಿ. ಎಲೆ ಮಾತ್ರ ವಿಷ!

ಮಾಡಿದ ಕಾಂಪೋಟ್ ಎಷ್ಟು ದಿನ ಇರುತ್ತದೆ? ಜಾಮ್‌ನಷ್ಟು ಸಕ್ಕರೆ ಇಲ್ಲವಲ್ಲ, ಹಾಗಾಗಿ ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ. ಬೇಯಿಸಿದ ಹಣ್ಣನ್ನು ವರ್ಷಗಟ್ಟಲೆ ಇಡುವ ದಾರಿ ಕಂಡುಕೊಂಡವನು ನಿಕೊಲಾ ಆಪೆರ್ ಎಂಬ ಫ್ರೆಂಚ್ ಮಿಠಾಯಿಗಾರ. ಷಾಂಪೇನ್ ಬಾಟಲಿಗೆ ತುಂಬಿ, ಬಿರಡೆ ಬಿಗಿದು, ಬಾಟಲಿಯನ್ನೇ ಕುದಿಸಿದ! 1810ರಲ್ಲಿ ಅವನಿಗೆ ಸರ್ಕಾರ 12,000 ಫ್ರಾಂಕ್ ಬಹುಮಾನ ಕೊಟ್ಟಿತು. ಹಣ್ಣು ಯಾಕೆ ಕೆಡಲಿಲ್ಲ ಎಂದು ಅವನಿಗೂ ಗೊತ್ತಿರಲಿಲ್ಲ! ಕೆಡಿಸುವುದು ಸೂಕ್ಷ್ಮಜೀವಿಗಳು ಎಂದು ಪಾಶ್ಚರ್ ತೋರಿಸಲು ಇನ್ನೂ ಸುಮಾರು ಐವತ್ತು ವರ್ಷ ಬೇಕಿತ್ತು.

ಬಾಹ್ಯಾಕಾಶದಲ್ಲಿ ತಿಂಡಿ ತಿಂದ ಮೊದಲ ಅಮೆರಿಕನ್ ಜಾನ್ ಗ್ಲೆನ್. ಅದು 1962. ಅವರು ಟ್ಯೂಬಿನಿಂದ ಹಿಂಡಿಕೊಂಡು ತಿಂದದ್ದು ಏನು? ನುಣ್ಣಗೆ ಬೇಯಿಸಿದ ಸೇಬು! ಅಂದರೆ ನಮ್ಮ ಸೇಬಿನ ಕಾಂಪೋಟ್‌ನ ಖಾಸಾ ತಮ್ಮ!

ಬಿಸಿಯಿರುವಾಗ ಒಂದು ಚಮಚ ರುಚಿ ನೋಡಿ. ಫ್ರಿಜ್ಜಿನಿಂದ ತೆಗೆದ ಮೇಲೆ ಇನ್ನೊಂದು ಚಮಚ. ಸಿಹಿ ಕಡಿಮೆಯಾಗಿದೆ ಅನಿಸುತ್ತದೆ! ಸಕ್ಕರೆ ಎಲ್ಲೂ ಹೋಗಿಲ್ಲ, ತಣ್ಣಗಿದ್ದರೆ ನಾಲಿಗೆಗೆ ಸಿಹಿ ಮಂಕಾಗಿ ತಿಳಿಯುತ್ತದೆ. ಸಕ್ಕರೆ ಸುರಿಯುವ ಮೊದಲು ಒಂದು ಹರಳು ಉಪ್ಪು ಹಾಕಿ ನೋಡಿ. ಸಿಹಿ ಎದ್ದು ಬರುತ್ತದೆ!

ಕೊನೆಗೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ನಡೆದು ನಡೆದು ಸುಸ್ತಾದ ಫ್ರೆಂಚರು ‘ನನ್ನ ಕಾಲು ಕಾಂಪೋಟ್ ಆಗಿದೆ’ ಎನ್ನುತ್ತಾರೆ! ಅಯ್ಯೋ, ಇದೇನು ಮಾತು ಎನ್ನಬೇಡಿ. ಸಂಜೆ ಮನೆಗೆ ಬಂದು ಕುರ್ಚಿಗೆ ಒರಗಿ ನಾವು ಏನೆನ್ನುತ್ತೇವೆ? ‘ದುಡಿದು ದುಡಿದು ಹಣ್ಣಾಗಿ ಹೋದೆ ಕಣೇ!’ ಅವರಿಗೆ ಕಾಲು ಮಾತ್ರ, ನಮಗೆ ಇಡೀ ಮೈ!