ಜೋಗದ ದರ್ಶನವೂ ಛಾಯಾಚಿತ್ರವೂ

ಜೋಗಕ್ಕೆ ಹೋಗಿಬಂದವರಲ್ಲಿ ಎರಡು ಬಗೆಯ ದೂರುಗಳುಂಟು. ಆಷಾಢದಲ್ಲಿ ಹೋದವರು ಮಂಜಿನ ಹೊರತು ಏನೂ ಕಾಣಲಿಲ್ಲವೆನ್ನುವರು. ಚೈತ್ರದಲ್ಲಿ ಹೋದವರು ಬಂಡೆಯ ಹೊರತು ಏನೂ ಇರಲಿಲ್ಲವೆನ್ನುವರು. ಎರಡು ಮಾತೂ ನಿಜವೇ. ಇವುಗಳ ಕಾರಣವನ್ನರಿತು ಹೊರಟವರಿಗೆ ಪ್ರಯಾಣವು ಸಫಲವಾಗುವ ಸಂಭವ ಹೆಚ್ಚು.

ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲನ್ನು ಸೇರುವ ಶರಾವತಿಯು ಜೋಗದಲ್ಲಿ 253 ಮೀಟರು, ಎಂದರೆ ಸುಮಾರು 830 ಅಡಿಗಳ ಆಳಕ್ಕೆ ನಾಲ್ಕು ಕವಲಾಗಿ ಬೀಳುತ್ತದೆ. ರಾಜನು ನೇರವಾಗಿ ಧುಮುಕುವನು. ರೋರರನು ಗರ್ಜಿಸುತ್ತ ಇಳಿಜಾರಿನಲ್ಲಿ ಹರಿದು ರಾಜನನ್ನು ಕೂಡುವನು. ರಾಕೆಟ್ಟು ಬಾಣದಂತೆ ಚಿಮ್ಮುವುದು. ರಾಣಿಯು ಬಂಡೆಯ ಮೈಗೆ ನೊರೆಯ ಸೆರಗು ಹೊದಿಸುತ್ತ ಇಳಿಯುವಳು.

ಆದರೆ ಜಲಪಾತದ ಮೇಲ್ಗಡೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡ ಮೇಲೆ, ನದಿಯ ಬಹುಪಾಲು ನೀರು ವಿದ್ಯುದಾಗಾರಕ್ಕೆ ಸಲ್ಲುತ್ತದೆ. ಅಣೆಕಟ್ಟಿನ ಕೆಳಗಣ ಕಾಡಿನಲ್ಲಿ ಸುರಿದ ಮಳೆಯೇ ಸಾಮಾನ್ಯವಾಗಿ ಜೋಗದ ಬಂಡವಾಳ. ಜಲಾಶಯವು ತುಂಬಿ ಬಾಗಿಲುಗಳನ್ನು ತೆರೆದಾಗ ಮಾತ್ರ ಹಳೆಯ ವೈಭವವು ಮರಳುತ್ತದೆ. ಅದು ಎಲ್ಲ ವರ್ಷಗಳಲ್ಲಿಯೂ ಒದಗುವುದಿಲ್ಲ. ಆದುದರಿಂದ ಪಂಚಾಂಗವನ್ನು ನೋಡಿ ಹೊರಡುವುದಕ್ಕಿಂತ ಜಲಾಶಯದ ಮಟ್ಟವನ್ನು ವಿಚಾರಿಸಿ ಹೊರಡುವುದು ಮೇಲು. ಮಳೆಯು ಹಿಂದೆಗೆಯತೊಡಗಿ ಬಿಸಿಲು ಇಣುಕುವ ಭಾದ್ರಪದ, ಆಶ್ವಯುಜಗಳು ಒಳ್ಳೆಯ ಕಾಲ.

ಇನ್ನು ಚಿತ್ರದ ಮಾತು. ಮಂಜು ಕವಿದಿದ್ದರೆ ಹಿಂದಿರುಗಬಾರದು. ಗಾಳಿ ತಿರುಗಿದೊಡನೆ ತೆರೆ ಸರಿಯಬಹುದು. ಅಷ್ಟರಲ್ಲಿ ಮಸೂರದ ಮೇಲಣ ಹನಿಗಳನ್ನು ಮೆತ್ತನೆಯ ಒಣಬಟ್ಟೆಯಿಂದ ಒರೆಸಿಕೊಂಡು ಸಿದ್ಧರಾಗಿರಬೇಕು. ಸೆಕೆಂಡಿನ ಐನೂರರಲ್ಲೊಂದು ಪಾಲು ಬೆಳಕನ್ನು ಬಿಟ್ಟರೆ ನೀರು ಹನಿಹನಿಯಾಗಿ ನಿಲ್ಲುವುದು. ಒಂದು ಸೆಕೆಂಡು ಬಿಟ್ಟರೆ ಹಿಂಜಿದ ಅರಳೆಯಂತಾಗುವುದು. ಇದಕ್ಕೆ ಮುಕ್ಕಾಲಿ ಅವಶ್ಯ. ಕರಿಬಂಡೆಯನ್ನು ನೋಡಿ ಬೆಳಕನ್ನು ಅಳೆದರೆ ನೀರು ಬರಿಯ ಬಿಳಿಯ ಕಲೆಯಾಗುವುದು. ಆದುದರಿಂದ ನೊರೆಗೆ ತಕ್ಕಂತೆ ಅಳೆಯಬೇಕು. ಬೆನ್ನ ಹಿಂದೆ ಬಿಸಿಲಿದ್ದರೆ ಕಾಮನಬಿಲ್ಲೂ ದೊರೆತೀತು. ಚಿತ್ರದ ಮೂಲೆಯಲ್ಲಿ ಒಂದು ಮರವೋ ಮನುಷ್ಯನೋ ಇಲ್ಲದಿದ್ದರೆ 830 ಅಡಿಯೂ 80 ಅಡಿಯೂ ಒಂದೇ ಆಗಿ ತೋರುವುವು. ಆದರೆ ಅದಕ್ಕಾಗಿ ಪಾಚಿಗಟ್ಟಿದ ಅಂಚಿಗೆ ಯಾರನ್ನೂ ನಿಲ್ಲಿಸಬಾರದು. ಯಾವ ಚಿತ್ರವೂ ಪ್ರಾಣಕ್ಕೆ ಸಮವಲ್ಲ.

ಇಷ್ಟಾದ ಮೇಲೂ ಧಾರೆ ಸಣ್ಣದಾಗಿ ಕಂಡರೆ ನದಿಯನ್ನು ದೂರುವುದು ನ್ಯಾಯವಲ್ಲ. ಅಲ್ಲಿ ಕಾಣದ ನೀರು ಯಂತ್ರಗಳನ್ನು ತಿರುಗಿಸಿ, ದೂರದ ನಗರಗಳಲ್ಲಿ ದೀಪವಾಗಿ ಉರಿಯುತ್ತಿರುತ್ತದೆ. ಆ ದೀಪದ ಕೆಳಗೆ ಕುಳಿತೇ ನಾವು ಜೋಗದ ಚಿತ್ರಗಳನ್ನು ನೋಡುತ್ತೇವೆ.