55 ಎಂ.ಎಲ್. ಹಾಲಿನ ಲೆಕ್ಕ

ತೀವ್ರ ಅಪೌಷ್ಟಿಕತೆಯಿಂದ ಬಳಲುವ ಐದು ಕಿಲೋ ತೂಕದ ಮಗು. ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ (ಎನ್‌ಆರ್‌ಸಿ) ದಾಖಲಾದ ಮೊದಲ ದಿನ ಅದಕ್ಕೆ ಒಂದು ಸಲಕ್ಕೆ ಕೊಡುವ ಹಾಲು 55 ಎಂ.ಎಲ್. ತಗಲುವ ಖರ್ಚು ಒಂದೂಕಾಲು ರೂಪಾಯಿ. ನರ್ಸಿಂಗ್ ವಿದ್ಯಾರ್ಥಿಗಳು ಪಥ್ಯಾಹಾರದ ಪಾಠದಲ್ಲಿ ಕಲಿಯುವ ಆಹಾರಗಳಲ್ಲಿ ಇಷ್ಟು ಅಗ್ಗದ್ದು ಅಪರೂಪ, ಅಳತೆ ತಪ್ಪಿದರೆ ಇಷ್ಟು ಅಪಾಯದ್ದೂ ಅಪರೂಪ.

ಯಾವ ಮಕ್ಕಳಿಗೆ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 19.5ರಷ್ಟು ಮಂದಿಗೆ ಎತ್ತರಕ್ಕೆ ತಕ್ಕ ತೂಕವಿಲ್ಲ. ತೀವ್ರ ಸ್ಥಿತಿಯಲ್ಲಿರುವವರು ಶೇ 8.4. ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅಥವಾ ಎರಡೂ ಪಾದ ಊದಿಕೊಂಡಿದ್ದರೆ ಅದು ತೀವ್ರ ಅಪೌಷ್ಟಿಕತೆ. ಇವರಲ್ಲಿ ಎಲ್ಲರಿಗೂ ಆಸ್ಪತ್ರೆ ಬೇಕಿಲ್ಲ. ಹಸಿವೇ ಸತ್ತವರು, ಊತ ಬಂದವರು, ಜೊತೆಗೆ ಬೇರೆ ಕಾಯಿಲೆ ಹತ್ತಿಕೊಂಡವರು ದಾಖಲಾಗಬೇಕು.

ಒಂದು ಲೀಟರಿಗೆ ಏನೇನು, ಎಷ್ಟೆಷ್ಟು?

ಹಾಲು ಲೀಟರಿಗೆ 50 ರೂಪಾಯಿ, ಸಕ್ಕರೆ ಕಿಲೋಗೆ 45, ಅಡುಗೆ ಎಣ್ಣೆ ಕಿಲೋಗೆ 150 ಎಂದು ಇಟ್ಟುಕೊಳ್ಳೋಣ. ನಿಮ್ಮೂರಿನ ದರ ಬೇರೆಯಾದರೆ ಅದನ್ನೇ ಹಾಕಿ ನೋಡಿ.

ಎಫ್-75 (ಮೊದಲ ಹಂತ): ಹಸುವಿನ ಹಾಲು 300 ಎಂ.ಎಲ್., ಸಕ್ಕರೆ 100 ಗ್ರಾಂ, ಎಣ್ಣೆ 20 ಗ್ರಾಂ. ಖರ್ಚು 22.50 ರೂ. 100 ಎಂ.ಎಲ್.ಗೆ 75 ಕಿಲೋ ಕ್ಯಾಲರಿ, 0.9 ಗ್ರಾಂ ಪ್ರೋಟೀನ್.

ಎಫ್-100 (ಚೇತರಿಕೆಯ ಹಂತ): ಹಾಲು 900 ಎಂ.ಎಲ್., ಸಕ್ಕರೆ 75 ಗ್ರಾಂ, ಎಣ್ಣೆ 20 ಗ್ರಾಂ. ಖರ್ಚು 51.40 ರೂ. 100 ಎಂ.ಎಲ್.ಗೆ 100 ಕಿಲೋ ಕ್ಯಾಲರಿ, 2.9 ಗ್ರಾಂ ಪ್ರೋಟೀನ್.

ಎರಡಕ್ಕೂ ಕುದಿಸಿ ಆರಿಸಿದ ನೀರು ಸೇರಿಸಿ ಒಟ್ಟು 1000 ಎಂ.ಎಲ್. ಮಾಡಬೇಕು. ಪೊಟ್ಯಾಷಿಯಂ, ಮೆಗ್ನೀಷಿಯಂ ಬೇರೆಯಾಗಿ ಕೊಡಬೇಕು.

ಎಲ್ಲಿ ತಪ್ಪುತ್ತದೆ?

ನೀರು ಸೇರಿಸಿ 1000 ಎಂ.ಎಲ್. ಮಾಡುವುದು ಒಂದು, 1000 ಎಂ.ಎಲ್. ನೀರನ್ನೇ ಸುರಿಯುವುದು ಇನ್ನೊಂದು. ಎಫ್-75ಕ್ಕೆ ಎರಡನೆಯದನ್ನು ಮಾಡಿದರೆ ಪಾತ್ರೆಯಲ್ಲಿ ಸುಮಾರು 1385 ಎಂ.ಎಲ್. ಆಗುತ್ತದೆ, 100 ಎಂ.ಎಲ್.ಗೆ 75 ಇರಬೇಕಾದ ಕ್ಯಾಲರಿ 54ಕ್ಕೆ ಇಳಿಯುತ್ತದೆ. ದಿನಕ್ಕೆ 650 ಎಂ.ಎಲ್. ಕುಡಿಯುವ ನಮ್ಮ ಐದು ಕಿಲೋ ಮಗುವಿಗೆ ಸಿಗಬೇಕಾದ 490 ಕ್ಯಾಲರಿಯ ಜಾಗದಲ್ಲಿ ಸಿಗುವುದು 350. ಚಾರ್ಟಿನಲ್ಲಿ ಮಾತ್ರ ‘650 ಎಂ.ಎಲ್. ಪೂರ್ತಿ ಕುಡಿಯಿತು’ ಎಂದೇ ಇರುತ್ತದೆ.

ಎಣ್ಣೆಯದು ಇನ್ನೊಂದು ಕಥೆ. ಲೀಟರಿನ 750 ಕ್ಯಾಲರಿಯಲ್ಲಿ 180 ಬರುವುದು ಆ ನಾಲ್ಕು ಟೀ ಚಮಚ ಎಣ್ಣೆಯಿಂದ. ಹಾಲಿಗೆ ನೇರವಾಗಿ ಹುಯ್ದರೆ ಅದು ಮೇಲೆ ತೇಲಿ, ಪಾತ್ರೆಯ ಅಂಚಿಗೆ ಮೆತ್ತಿಕೊಂಡು ತೊಳೆಯುವ ನೀರಿನ ಜೊತೆ ಹೋಗುತ್ತದೆ. ಮೊದಲು ಸಕ್ಕರೆ, ಎಣ್ಣೆ ಸೇರಿಸಿ ಚೆನ್ನಾಗಿ ಕಲಸಿ, ಆಮೇಲೆ ಬೆಚ್ಚಗಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಮಿಕ್ಸಿಯಲ್ಲಿ ತಿರುಗಿಸಿದರೆ ಎಣ್ಣೆ ಬಿಡಿಯಾಗಿ ನಿಲ್ಲುವುದಿಲ್ಲ.

ಹೆಚ್ಚು ಕೊಟ್ಟರೆ?

ಸೊರಗಿದ ಮಗುವನ್ನು ಕಂಡರೆ ಇನ್ನೊಂದು ಲೋಟ ಕುಡಿಸೋಣ ಅನ್ನಿಸುವುದು ಸಹಜ. ಆದರೆ ಆ ದೇಹದ ಹೃದಯ, ಮೂತ್ರಪಿಂಡ, ಯಕೃತ್ತು ಕೂಡ ಸೊರಗಿರುತ್ತವೆ. ಅದಕ್ಕೇ ಮೊದಲು ದಿನಕ್ಕೆ ಕಿಲೋ ತೂಕಕ್ಕೆ 130 ಎಂ.ಎಲ್. ಮಾತ್ರ, ಊತ ತೀವ್ರವಾಗಿದ್ದರೆ 100. ಹಸಿವು ಮರಳಿದ ಮೇಲೆ ಎರಡು ದಿನ ಅಷ್ಟೇ ಅಳತೆಯಲ್ಲಿ ಎಫ್-100, ನಂತರ ಪ್ರತಿ ಸಲಕ್ಕೆ 10 ಎಂ.ಎಲ್. ಏರಿಕೆ. ನಾಲ್ಕು ಗಂಟೆಗೊಮ್ಮೆ ನೋಡುವ ನಾಡಿ 25, ಉಸಿರು 5 ಹೆಚ್ಚಾಗಿ ಎರಡು ಸಲವೂ ಹಾಗೇ ಉಳಿದರೆ ಹಾಲು ಕಡಿಮೆ ಮಾಡಬೇಕು, ವೈದ್ಯರನ್ನು ಕರೆಯಬೇಕು. ಚೇತರಿಕೆ ಚೆನ್ನಾಗಿದೆ ಎನ್ನಲು ದಿನಕ್ಕೆ ಕಿಲೋಗೆ 10 ಗ್ರಾಂಗಿಂತ ಹೆಚ್ಚು ತೂಕ ಏರಬೇಕು. ನಮ್ಮ ಮಗುವಿಗೆ ಅದು 50 ಗ್ರಾಂ. ಕಬ್ಬಿಣಾಂಶದ ಔಷಧ ತೂಕ ಏರತೊಡಗಿದ ಮೇಲಷ್ಟೇ.

ಒಟ್ಟು ಖರ್ಚು

ಐದು ದಿನ ಎಫ್-75 ಎಂದರೆ 73 ರೂ. ಎರಡು ದಿನ 650 ಎಂ.ಎಲ್. ಎಫ್-100ಕ್ಕೆ 67 ರೂ. ಮುಂದಿನ ಏಳು ದಿನ ಒಂದೊಂದು ಲೀಟರಿನಂತೆ 360 ರೂ. ಹದಿನಾಲ್ಕು ದಿನದ ಹಾಲಿಗೆ 500 ರೂಪಾಯಿ.

ದುಬಾರಿಯಾದದ್ದು ದುಡಿಮೆ. ಮೊದಲ ಹಂತದಲ್ಲಿ ಹಾಲು ಕುಡಿಸುವುದು ಎರಡು ಗಂಟೆಗೊಮ್ಮೆ, ಎಂದರೆ ದಿನಕ್ಕೆ 12 ಸಲ. ಲೋಟ–ಚಮಚದಲ್ಲಿ ಒಂದು ಸಲ ಕುಡಿಸಲು 20 ನಿಮಿಷ ಹಿಡಿದರೆ ತಾಯಿಗೆ ದಿನಕ್ಕೆ ನಾಲ್ಕು ಗಂಟೆಯ ಕೆಲಸ. ಹತ್ತು ಹಾಸಿಗೆಯ ಕೇಂದ್ರಕ್ಕೆ ಮಾರ್ಗಸೂಚಿ ಹೇಳುವುದು ನಾಲ್ವರು ನರ್ಸ್‌ಗಳನ್ನು. ಮೂರು ಪಾಳಿಗೆ ಹಂಚಿ, ವಾರದ ರಜೆ ಕಳೆದರೆ ರಾತ್ರಿಗೆ ಉಳಿಯುವವರು ಒಬ್ಬರು. ಹತ್ತೂ ಮಕ್ಕಳು ಮೊದಲ ಹಂತದಲ್ಲಿದ್ದರೆ ಎಂಟು ಗಂಟೆಯ ರಾತ್ರಿ ಪಾಳಿಯಲ್ಲಿ 40 ಫೀಡ್. ಅಳೆದು, ನೋಡಿ, ಬರೆಯಲು ತಲಾ ಐದು ನಿಮಿಷವೆಂದರೂ ಮೂರು ಗಂಟೆ ಇಪ್ಪತ್ತು ನಿಮಿಷ.

ಎರಡು ಗಂಟೆಯ, ನಾಲ್ಕು ಗಂಟೆಯ ಫೀಡ್ ತಪ್ಪುವುದು ಇಲ್ಲೇ. ತಾಯಿ ದಣಿದು ಮಲಗಿರುತ್ತಾಳೆ, ಮಗುವೂ ಅಳುವುದಿಲ್ಲ. ಅಳಲು ಅದಕ್ಕೆ ತ್ರಾಣವಿಲ್ಲ. ಆರು ಗಂಟೆ ಬರಿಹೊಟ್ಟೆಯಲ್ಲಿದ್ದ ಮಗುವಿನ ರಕ್ತದ ಸಕ್ಕರೆ 54 ಮಿ.ಗ್ರಾಂ/ಡಿ.ಎಲ್.ಗಿಂತ ಕೆಳಗೆ ಇಳಿಯಬಹುದು, ಮೈ ತಣ್ಣಗಾಗಬಹುದು. ಪಾತ್ರೆಯಲ್ಲಿ ಆ ರಾತ್ರಿ ಉಳಿದ ಹಾಲು 110 ಎಂ.ಎಲ್., ಅದರ ಬೆಲೆ ಎರಡೂವರೆ ರೂಪಾಯಿ.